ಗಿಡ್ಡ ನೆರಳು

ಗುಳೇದಗುಡ್ಡದ ಸಾಲಿ ಅಂಗಳದಾಗ
ಹುಡುಗೂರ ನೆರಳಿಗೆ ಸೀಮೆಸುಣ್ಣದ ಗೆರಿ ಎಳದೀನಿ.
ಮುಂಜಾನೆ ಬೇವಿನ ಗಿಡ ಮುಟ್ಟಿದ್ದ ಮಾಲನಬಿ
ಹನ್ನೆರಡಕ್ಕ ತನ್ನ ಚಪ್ಪಲಿಯಾಗ ಅಡಗ್ಯಾಳ.

ನೆರಳು ನಿಮಗಿಂತ ಗಿಡ್ಡಾತಂದ್ರ
ಒಳಗ ಬರ್ರಿ, ಅಂದೆ.

ಹುಚ್ಚೇಶ ಕೈ ಎತ್ತಿದ:
"ನಮ್ಮಜ್ಜಿ ಕಿಸೆದಾಗ ಉಳ್ಳಾಗಡ್ಡಿ ಇಟ್ಟಾಳ್ರೀ,
ಬಿಸಲು ಅದನ್ನ ತಿಂದು ನನ್ನ ಬಿಡತೈತಿ."
ತಗದು ತೋರಿಸಿದ. ಅರ್ಧಾ ಇತ್ತು.
ಉಳಿದರ್ಧಾ ಬಿಸಲು ತಿಂದಿದ್ದಿಲ್ಲ,
ಇವನ ಬಾಯಿ ಹೇಳತಿತ್ತು.

ಮಗ್ಗದ ಮನಿಯವರು ಕೊಟ್ಟ ಖಣದ ಚೂರು
ಕೂಡಿಸಿ ಹೊಲದು ಟೊಪಿಗಿ ಮಾಡಿದ್ವಿ.
ಗಂಡು ಹುಡುಗೂರು ನಕ್ಕವು:
"ಟೀಚರ್, ಕುಬಸ ತಲಿಮ್ಯಾಲ ಏರೇತ್ರಿ!"
ನಕ್ಕೋತ ಹಾಕ್ಕೊಂಡವು.

ಸೋಮವಾರ ಮಾಲನಬಿ ಬರಿತಲೀಲೆ ಬಂದ್ಲು.
ಟೊಪಿಗಿ ಎಲ್ಲೇ?

"ಕಲ್ಲಿನ ಖಣಿಗೆ ಬುತ್ತಿ ಒಯ್ದಿದ್ನಿರಿ.
ಅಬ್ಬಾನ ನೆರಳು ಅಳದೆ,
ಪುಟ್ಟಿಯಷ್ಟೂ ಇರಲಿಲ್ಲ.
ಒಳಗ ಬಾ ಅಂದೆ.
ಒಳಗ ಅಂದ್ರ ಎಲ್ಲಿ, ಅಂದ.
ಅದಕ್ಕ ಟೊಪಿಗಿ ಕೊಟ್ಟೆ.
ಸಣ್ಣದಾತ್ರಿ,
ನೀರಾಗ ಅದ್ದಿ ನೆತ್ತಿಮ್ಯಾಲ ಇಟಗೊಂಡ."

ಹಲಗಿಮ್ಯಾಲ 'ಒಳಗ ಬರ್ರಿ' ಅಂತ ಬರದಿತ್ತು.
ಅರಿವಿ ಕೈಯಾಗ ಹಿಡಕೊಂಡು ನಿಂತೆ,
ಅಳಸಲೋ ಬಿಡಲೋ.
ಹೊರಗ ಗಂಟಿ ಬಾರಿಸ್ತು,
ಹುಡುಗೂರು ತಮ್ಮ ತಮ್ಮ ಕಾಲ ನೋಡಕೋತ
ಅಂಗಳಕ್ಕ ಇಳದ್ರು.