ಮೊಳ

ಅಕ್ಕ ಚೀಟಿ ಕೊಟ್ಟಿದ್ದಳು, ಪಡಿತರ ರಸೀದಿಯ ಬೆನ್ನಿಗೆ ಬರೆದು:
ದಂಡೆ ಎರಡು, ಹಾರ ಮೂರು ಜೋಡಿ,
ಹಂದರಕ್ಕೆ ಚೆಂಡುಹೂ, ಐರಾಣಿ ಗಡಿಗೆಗೆ ಸೇವಂತಿ,
ತುರುಬಿಗೆ ಮಲ್ಲಿಗೆ.
ಮಲ್ಲಿಗೆಯ ಕೆಳಗೆ ಎರಡು ಗೆರೆ.
ಗಂಡಿನ ಕಡೆಯವರ ಫೋಟೊ ಬೇರೆ ಮೊಬೈಲಿನಲ್ಲಿ:
ಪಿಸ್ತಾ ಬಣ್ಣದ ಹಾರ ಹಾಕಿಕೊಂಡ ಯಾರೋ ಇಬ್ಬರು.

ಸೋದರಮಾವನ ಕೈಯಿಂದಲೇ ಹೂ ಬರಬೇಕಂತೆ.
ನಸುಕಿನ ಐದಕ್ಕೆ ಗಂಗಾವತಿಯ ಹೂವಿನ ಸಾಲಿನಲ್ಲಿ ನಿಂತೆ.
ನಾನು ರೈಸ್ ಮಿಲ್ಲಿನ ಕಾಟಾದ ಗುಮಾಸ್ತ.
ಸೋನಾ ಮಸೂರಿ ತುಂಬಿದ ಲಾರಿ ಗೇಟಿಗೆ ಬಂದರೆ
ಟೈರು ನೋಡಿ ಕ್ವಿಂಟಲ್ ಹೇಳಬಲ್ಲೆ,
ಕಾಳು ಕಚ್ಚಿ ತೇವ ಹೇಳಬಲ್ಲೆ.
ಇಲ್ಲಿ ಅಳತೆ ಅಂದರೆ
ಖಾಸಿಂಬಿಯ ನಡುಬೆರಳ ತುದಿಯಿಂದ
ಮೊಳಕೈ ಗಂಟಿನ ತನಕ.

"ನಿನ್ನ ತೋಳು ಗಿಡ್ಡ ಐತಿ ಬೇ" ಅಂದೆ.
"ನಮ್ಮವ್ವನ ತೋಳು ಉದ್ದ ಇತ್ತು,
ಆಕಿ ಕಾಲದಾಗ ಲಗ್ನ ಮಾಡಬೇಕಿತ್ತು ನೀವು."
ಪಕ್ಕದ ಬುಟ್ಟಿಯವರು ನಕ್ಕರು.

ಕೈ ಒರೆಸಿಕೊಂಡು ಫೋಟೊ ದೂರ ಹಿಡಿದು ನೋಡಿದಳು:
"ಈ ಬಣ್ಣ ಯಾವ ಗಿಡದಾಗ ಬಿಡತೈತಪಾ?
ಪಿಸ್ತಾ ಅಂದ್ರ ನಾವು ಹಬ್ಬಕ್ಕ ತಿನ್ನೂದು."
ಆಮೇಲೆ, "ಅಕ್ಕಿಕಾಳು ಎಷ್ಟಕ್ಕ?"
ಹನ್ನೊಂದೂವರೆಗೆ.
"ಹಂಗಾದ್ರ ಬಿರಿದದ್ದು ಮುಟ್ಟಬ್ಯಾಡ. ಮೊಗ್ಗು ಒಯ್ಯಿ,
ಒದ್ದಿ ಅರಿವಿ ಸುತ್ತು. ತಲಿ ಕಾವಿಗೆ ಕಣ್ಣು ತೆಗೀತಾವ.
ಹುಡುಗಿ ಕೂದಲು ಎಷ್ಟುದ್ದ? ದಪ್ಪೋ, ತೆಳುವೋ?
ಯಾವ ಹೂ ಅಂದ್ರ ಜೀವ ಆಕಿಗೆ?"

ಚೀಟಿ ನೋಡಿದೆ.
ಹಿಂದೆ ಮುಂದೆ ಎರಡೂ ಕಡೆ ನೋಡಿದೆ.

ಅಮರಮ್ಮನಿಗೆ ಫೋನು ಹಚ್ಚಿದೆ.
ಸುರಿಗೆ ನೀರಿಗೆ ಕರೆಯುವ ಗದ್ದಲ, ಯಾರೋ ತಂಬಿಗೆ ಕೆಡವಿದ್ದು,
ಅದರ ನಡುವೆ ಅವಳ ಇಳಿದ ದನಿ:
"ಮಾಮಾ, ಮಲ್ಲಿಗಿ ಬ್ಯಾಡ. ತಲಿ ಒಡದು ಹೋಗತೈತಿ."
"ಸಣ್ಣಾಕಿ ಇದ್ದಾಗಿಂದ ಮುಡೀತಿದ್ದೆಲ್ಲ?"
"ಮುಡಸ್ತಿದ್ರು."

ನಮ್ಮ ಮನೆಯ ಟಿ.ವಿ. ಮೇಲೆ ಒಂದು ಫೋಟೊ ಇದೆ.
ಏಳು ವರ್ಷದ ಅಮ್ರಿ, ಮೊಗ್ಗಿನ ಜಡೆ, ಹಿಂದೆ ಕನ್ನಡಿ,
ಹುಬ್ಬು ಗಂಟಿಕ್ಕಿದ ಮುಖ.
ಸ್ಟುಡಿಯೋದವನ ಮೇಲೆ ಸಿಟ್ಟು ಎಂದು
ಬಂದವರಿಗೆಲ್ಲ ತೋರಿಸಿ ನಕ್ಕಿದ್ದೇವೆ
ಹದಿನಾರು ವರ್ಷ.

ಖಾಸಿಂಬಿ ಮಲ್ಲಿಗೆಯ ಬುಟ್ಟಿ ಹಿಂದೆ ಸರಿಸಿದಳು,
ಅಬ್ಬಲಿಗೆಯ ಗುಡ್ಡೆ ಮುಂದೆಳೆದಳು.
ಕೆಂಡ ಆರುವ ಮುಂಚಿನ ಬಣ್ಣ,
ಮೂಗಿಗೆ ಹಿಡಿದರೆ ಏನೂ ಇಲ್ಲ.
"ವಾಸನಿ ಇಲ್ಲಂತ ಮಂದಿ ದಾಟಿ ಹೋಗತಾರ.
ಸುಮ್ಮನಿರೋ ಹೂ ಇದು.
ಮದುವಿ ಮನ್ಯಾಗ ಒಬ್ಬರರ ಸುಮ್ಮನಿರಬೇಕಲ್ಲ."

ಎಂಟು ಮೊಳ ಅಬ್ಬಲಿಗೆ, ನಡುನಡುವೆ ಹಸಿರೆಲೆ.
ಹಾರಕ್ಕೆ ಬಿಳಿ ಸೇವಂತಿ;
ಪಿಸ್ತಾ ತೀರಿತ್ತು ಎಂದರಾಯಿತು ಬೀಗರಿಗೆ.
ಅಕ್ಕನ ಎರಡು ಗೆರೆಗೆ ಎರಡು ಮೊಳ ಮಲ್ಲಿಗೆ,
ಅವಳೇ ಮುಡಿಯಲಿ.
ಚೆಂಡುಹೂವಿನ ಚೀಲ ಆಟೋದಲ್ಲಿ ಮುಂದೆ ಹೋಯಿತು.
ನೋಟು ಎಣಿಸಿ ಏಳುವಾಗ
ಕೇಳದೆಯೇ ಇನ್ನೊಂದು ಗೇಣು ಕತ್ತರಿಸಿ ಮೇಲಿಟ್ಟಳು ಕೊಸರು.
"ನಮ್ಮವ್ವನ ತೋಳಿನ ಲೆಕ್ಕ" ಅಂದಳು.

ಊರ ಬಸ್ಸಿಗೆ ಇನ್ನೂ ಹೊತ್ತಿತ್ತು, ಮಿಲ್ಲಿನ ಗೇಟು ತೆರೆದಿತ್ತು.
ಯಾರೂ ಇಲ್ಲದ್ದು ನೋಡಿ
ಲಾರಿ ನಿಲ್ಲುವ ಕಬ್ಬಿಣದ ಹಾಸಿನ ನಡುವೆ
ಬುಟ್ಟಿ ಇಟ್ಟು, ಒಳಗೆ ಹೋಗಿ ಅಂಕಿ ನೋಡಿದೆ.
ಸೊನ್ನೆ.
ಐವತ್ತು ಟನ್ನಿನ ಯಂತ್ರ, ಅದರ ತಪ್ಪೇನಿಲ್ಲ.
ಒದ್ದೆ ಬಟ್ಟೆ ಸರಿಮಾಡಿ,
ಅಕ್ಕನಿಗೆ ಏನು ಹೇಳುವುದೆಂದು ಯೋಚಿಸುತ್ತ
ಬುಟ್ಟಿ ಎತ್ತಿದೆ.
ಕೈ ಜಗ್ಗಿತು.