ಏಳದ ಹೊಗೆಯ ಲೆಕ್ಕ

ದಿನಕ್ಕೆ ನಾನೂರು, ಚಹಾ ಬೇರೆ.
ನವಲೂರ ನಿಲ್ದಾಣದ ಗಾಜಿನ ಬಾಗಿಲ ಬದಿಗೆ
ಕೊರಳಿಗೆ ಗುರುತಿನ ಚೀಟಿ, ತೊಡೆಯ ಮೇಲೆ ಹಲಗೆ,
ಹಲಗೆಗೆ ಕಚ್ಚಿಸಿದ ಹನ್ನೆರಡು ಹಾಳೆ.
ನನ್ನ ಕೆಲಸ ಇಷ್ಟೇ:
ಏಳದೇ ಉಳಿದ ಹೊಗೆಯನ್ನು ಎಣಿಸುವುದು.

ನಗಬೇಡಿ. ಇದಕ್ಕೂ ಗಿರಾಕಿ ಇದ್ದಾರೆ.
ಕಡಲಾಚೆ ಯಾವುದೋ ಊರಿನ ಕಾರ್ಖಾನೆ
ತನ್ನ ಹೊಗೆ ತಾನು ಬಿಡುತ್ತಲೇ
ನಾವು ಬಿಡದ್ದನ್ನು ಟನ್ನಿನ ಮೇಲೆ ಕೊಳ್ಳುತ್ತದಂತೆ.
ಆ ದುಡ್ಡಿಗೆ ಕರೆಂಟಿನ ಬಸ್ಸು ಬರುತ್ತವಂತೆ, ಮೂವತ್ತು,
ಬೆಕ್ಕು ಅಡುಗೆಮನೆಗೆ ಬಂದಷ್ಟು ಸದ್ದಿಲ್ಲದೆ.
ತರಬೇತಿಯ ದಿನ ಹೊಂಬಳ ಸರ್
ಬೋರ್ಡಿನ ಮೇಲೆ ಬರೆದದ್ದು ಒಂದೇ ಪ್ರಶ್ನೆ:
‘ಈ ಬಸ್ಸು ಇಲ್ಲದಿದ್ದರೆ
ಈಗ ನೀವು ಹೇಗೆ ಹೋಗುತ್ತಿದ್ದಿರಿ?’

ಬೈಕು, ಅಂದ ರಾಯಾಪುರದ ಹುಡುಗ,
ಕಿವಿಯ ಹಾಡು ತೆಗೆಯದೆ.
ಟಂಟಂ, ಅಂದರು ಸತ್ತೂರ ಆಸ್ಪತ್ರೆಯ ನರ್ಸುಗಳು,
ಒಬ್ಬರ ತೊಡೆ ಮೇಲೊಬ್ಬರು ಕೂತು
ಹೋಗುತ್ತಿದ್ದುದು ನೆನಪಾಗಿ ನಕ್ಕರು.
ಕಾರು, ಅಂದರು ವಕೀಲರು,
ಇದ್ದದ್ದನ್ನು ಹೇಳುವವರ ಸಂಕೋಚದಲ್ಲಿ.
ಅದು ದೊಡ್ಡ ಅಂಕಿ. ಸರ್ ಖುಷಿಪಡುವ ಅಂಕಿ.
ಒಬ್ಬ ಮಾತ್ರ: ‘ಬಸ್ಸಿಲ್ಲದಿದ್ರ
ಈ ನೌಕರೀನ ಒಪ್ಕೊತಿದ್ದಿಲ್ರಿ.’
ಅವನಿಗೆ ಯಾವ ಕಾಲಮ್ಮು? ಇನ್ನೂ ಗೊತ್ತಿಲ್ಲ.

ಆಮೇಲೆ ಸಾವಂತ್ರೆವ್ವ.
ಹಸಿ ಗೋಣಿತಾಟು ಮುಚ್ಚಿದ ಪೇರಲ ಬುಟ್ಟಿ,
ಬಾಗಿಲಿಗೆ ಅಡ್ಡ ನಿಂತ ಗಾರ್ಡು,
‘ಚಿಗರಿಯೊಳಗ ಇಷ್ಟ ದೊಡ್ಡ ಬುಟ್ಟಿ ಬರೂದಿಲ್ಲಬೇ.’
ಅವಳು ಬುಟ್ಟಿ ಇಳಿಸಿ, ನನ್ನ ಪ್ರಶ್ನೆಯನ್ನು
ಹಣ್ಣು ಒತ್ತಿ ನೋಡುವ ಹಾಗೆ ಒತ್ತಿ ನೋಡಿದಳು.
‘ಬಸ್ಸ ಇಲ್ಲದಾಗ ಹೆಂಗ ಹೊಕ್ಕಿದ್ನೋ ಹಂಗ. ಕಾಲಾಗ.
ನಸುಕಿಗೆ ಎದ್ದು, ನೆತ್ತಿಮ್ಯಾಲೆ ಇದನ್ನ ಹೊತ್ತು,
ಧಾರವಾಡದ ಸಂತೀಗೆ.
ನಲವತ್ತು ವರ್ಷ. ಆವಾಗ
ಯಾರೂ ಬಂದು ಕೇಳಿದ್ದಿಲ್ಲಪ.’

ಕಾಲ್ನಡಿಗೆಗೆ ಕಾಲಮ್ಮು ಇದೆ.
ಅದರ ಬೆಲೆ ಸೊನ್ನೆ. ಅಷ್ಟೇ ಅಲ್ಲ,
ಬಸ್ಸು ಅವಳನ್ನು ಹೊತ್ತದ್ದಕ್ಕೆ ಸುಟ್ಟದ್ದನ್ನು
ಒಟ್ಟು ಉಳಿತಾಯದಿಂದ ಕಳೆಯಬೇಕು.
ವಕೀಲರ ಕಾರು ಕೂಡುತ್ತದೆ.
ಸಾವಂತ್ರೆವ್ವನ ಮೊಣಕಾಲು ಕಳೆಯುತ್ತದೆ.
ಸೂತ್ರ ಸರಿ ಇದೆ. ಸಂಖ್ಯಾಶಾಸ್ತ್ರದಲ್ಲಿ ನನಗೆ ಎಪ್ಪತ್ತೆರಡು.
ಮತ್ತೆ ಮಾಡಿ ನೋಡಿದೆ, ಸೂತ್ರ ಸರಿಯೇ ಇದೆ.

ಹಾಳೆಯ ಬೆನ್ನಿಗೆ ಇನ್ನೊಂದು ಲೆಕ್ಕ,
ಯಾರೂ ಕೇಳದ್ದು:
ಹೋಗಿ ಬಂದು ಹದಿನಾಲ್ಕು ಕಿಲೋಮೀಟರು,
ವರ್ಷಕ್ಕೆ ಇನ್ನೂರು ದಿನ, ನಲವತ್ತು ವರ್ಷ.
ಒಂದು ಲಕ್ಷದ ಹನ್ನೆರಡು ಸಾವಿರ.
ಭೂಮಿಗೆ ಎರಡು ಸುತ್ತು ಬಂದು
ಮೂರನೆಯದರಲ್ಲಿ ಮುಕ್ಕಾಲು ದಾರಿ.
ಅಷ್ಟಕ್ಕೂ ಅವಳು ಬಿಟ್ಟ ಹೊಗೆ
ಮಾಗಿಯ ಬೆಳಗಿನಲ್ಲಿ ಬಾಯಿಂದ ಏಳುವಷ್ಟು.
ಅದನ್ನು ಕೊಳ್ಳುವವರು ಯಾವ ಕಡಲಾಚೆಯೂ ಇಲ್ಲ,
ಯಾಕೆಂದರೆ ಅವಳು ಯಾರಿಗೂ
ಹೊಗೆ ಬಿಡುತ್ತೇನೆಂದು ಹೆದರಿಸಿರಲಿಲ್ಲ.

‘ಇದನ್ನ ಬರೀಲಿಕ್ಕೆ ನಿನಗೇನ ಕೊಡ್ತಾರೋ?’
‘ನಾನೂರು, ಅವ್ವಾ.’
‘ಚಲೋ ಆತು ಬಿಡು, ನೆಳ್ಳಾಗಿನ ಕೆಲಸ.’
ಬಸ್ಸು ಬಂತು. ಗಾರ್ಡು ಆಚೆ ತಿರುಗಿದ,
ಬೇಕಂತಲೇ ಇರಬೇಕು.
ಬುಟ್ಟಿಯ ಒಂದು ಕಿವಿ ಅವಳು, ಒಂದು ನಾನು.
ಬಾಗಿಲು ಮುಚ್ಚುವ ಮುನ್ನ ಕೈಗೊಂದು ಹಣ್ಣು:
‘ಗಿಣಿ ಕಚ್ಚಿದ್ದು. ಮಾರಾಕ ಬರೂದಿಲ್ಲ.
ರುಚಿ ಇದರಾಗ ಇರತೈತಿ.’

ಸೊನ್ನೆಯನ್ನೇ ಬರೆದೆ. ಸುಳ್ಳು ಲೆಕ್ಕಕ್ಕೆ
ಬಸ್ಸು ಬರುವುದಿಲ್ಲ, ಅಷ್ಟು ನನಗೂ ಗೊತ್ತು.
ಹಾಳೆಯ ಕೊನೆಗೆ ‘ಇತರೆ’ ಅಂತ ಒಂದೂವರೆ ಗೆರೆ ಜಾಗ.
ಅಲ್ಲಿ, ಪೇರಲ ರಸ ಮೆತ್ತಿದ ಬೆರಳಲ್ಲಿ:
ಹೊಸ ಬಸ್ಸಿನಲ್ಲಿ ಬುಟ್ಟಿಗೆ ಜಾಗ ಬೇಕು.
ಅಗಲ ಎರಡು ಮೊಳ, ಎತ್ತರ ಒಂದು.
ನನ್ನ ಕೈಯಿಂದಲೇ ಅಳೆದದ್ದು.