ನಾಲ್ಕು ಪಟದ ಬಾಕಿ

ಕಾಟನ್‌ಪೇಟೆಯಲ್ಲಿ ನನ್ನದು ಕಟ್ಟು ಹಾಕುವ ಅಂಗಡಿ.
ವೆಂಕಟರಮಣ, ಮಕ್ಕಾ, ವೇಲಾಂಗಣಿ ಮಾತೆ,
ತೀರಿಕೊಂಡವರ ಚಿಕ್ಕ ಫೋಟೋ ದೊಡ್ಡದು ಮಾಡಿಸಿದ್ದು,
ಎಲ್ಲರಿಗೂ ಒಂದೇ ಮೊಳೆ, ಒಂದೇ ಮೈದಾ ಅಂಟು.

ಮೇ ದಿನಕ್ಕೆ ಇನ್ನು ನಾಲ್ಕು ದಿನ
ಅನ್ನುವಾಗ ಬಂದ ಯೂನಿಯನ್ನಿನ ಮುನಿವೀರಪ್ಪ,
ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ.
ಬಿಡಿಸಿದರೆ ಸೀಮೆಯ ಜನ.
"ಮಿಲ್ಲು ಕಟ್ಟಿದ ದೊರೆಗಳೂ ಇವರೂರಿನವರೇ ಅಲ್ಲವೇನೋ?"
"ದೊರೆಯೂ ಆ ಊರಿನವನೇ,
ದೊರೆಯ ಎದುರು ನಿಂತವನೂ ಆ ಊರಿನವನೇ.
ಗೋಡೆ ಮೇಲೆ ಎರಡನೆಯವನಿರಲಿ" ಅಂದ.

ಗಡ್ಡದ ಒಬ್ಬ. ಹತ್ತು ವರ್ಷಕ್ಕೇ
ಕಲ್ಲಿದ್ದಲ ಗಣಿಗೆ ಇಳಿದವನಂತೆ,
ದೊಡ್ಡವನಾಗಿ ಪಾರ್ಲಿಮೆಂಟಿಗೆ ಹೋದಾಗ
ರೇಷ್ಮೆಯ ಉದ್ದ ಟೋಪಿ ಬೇಡವೆಂದನಂತೆ.
ಸಾಲಾಗಿ ಆರು ಜನ, ಹೊಲದ ಆಳುಗಳು.
ಕೂಲಿ ಇಳಿಸಿದಾಗ ಒಟ್ಟಿಗೆ ಆಣೆ ಇಟ್ಟದ್ದಕ್ಕೆ
ಹಡಗು ಹತ್ತಿಸಿ ಭೂಮಿಯ ಆ ತುದಿಗೆ ಅಟ್ಟಿದರಂತೆ.
ಮೂರನೆಯದು ಬಂದರಿನ ಹಮಾಲರು.
ಗಂಟೆಗೆ ಆರು ಪೆನ್ನಿ ಕೊಡಿ ಎಂದು ಲಂಡನ್ನಿನ ಬೀದಿ ತುಂಬಿದವರು.
ಅಕ್ಕಿಪೇಟೆಯಲ್ಲಿ ಮೂಟೆ ಹೊರುವವರದೇ ಕತ್ತು.

ನಾಲ್ಕನೆಯದರಲ್ಲಿ ಬರೀ ಹೆಂಗಸರು, ಹುಡುಗಿಯರು.
ಬೆಂಕಿಪೊಟ್ಟಣದ ಕಾರ್ಖಾನೆ. ರಂಜಕದ ಹೊಗೆಗೆ
ದವಡೆ ಕೊಳೆಯುತ್ತಿತ್ತಂತೆ, ಬದುಕಿದ್ದಾಗಲೇ.
ಕೆಳಗೆ ಊರಿತ್ತು, ಇಸವಿ ಇತ್ತು.

ಒಯ್ಯಲು ಬಂದವಳು ವೈಂಡಿಂಗ್ ಖಾತೆಯ ದೊಡ್ಡಸಾಕಮ್ಮ,
ಕೂದಲ ತುಂಬ ಹತ್ತಿಯ ಎಳೆ.
ಗಾಜಿಗೆ ಮೂಗು ತಾಗಿಸಿ ನೋಡಿದಳು.
"ಗಡ್ಡದೋನ್ಗೆ ಹೆಸರೈತೆ, ಆ ಆರು ಜನಕ್ಕೂ ಐತೆ,
ಹಮಾಲರ ಲೀಡ್ರಿಗೂ ಐತೆ. ಇವರ್ಗ್ಯಾಕಿಲ್ಲ?"
"ಜಾಗ ಸಾಲದೆ ಹೋಗಿರಬೇಕು" ಅಂದೆ.
ಅವಳು ನಗಲಿಲ್ಲ.
ಅರ್ಧ ದುಡ್ಡು ಎಣಿಸಿದಳು. ಮಿಕ್ಕಿದ್ದು ಮುಷ್ಕರ ಮುಗಿದ ಮೇಲೆ.

ಮುಷ್ಕರ ಮುಗಿಯಿತೋ ಇಲ್ಲವೋ, ಸೈರನ್ ಮುಗಿಯಿತು.
ಅಂಗಡಿ ಬಾಗಿಲು ತೆಗೆಯಲು ಈಗ ಗಡಿಯಾರ ನೋಡಬೇಕು.
ಮಗ್ಗಗಳಿದ್ದ ಕಡೆ ಎಸ್ಕಲೇಟರು,
ಅದೂ ಥಾನಿನ ಹಾಗೆ
ಮಡಿಸಿ ಮಡಿಸಿ ಒಳಗೆ ಹೋಗುತ್ತಿರುತ್ತದೆ.

ಹೋದ ವಾರ ಯೂನಿಯನ್ ಕೋಣೆ ಖಾಲಿ ಮಾಡಿದರು.
ಮುನಿವೀರಪ್ಪನ ಮೊಮ್ಮಗ ಆಟೋದಲ್ಲಿ ತಂದ.
"ಕಾಗದ ಬಿಸಾಕಿ ಅಂಕಲ್, ತೇಗಕ್ಕೆ ಎಷ್ಟು ಕೊಡ್ತೀರ?"

ಮೂರು ಬಿಚ್ಚಿದೆ. ನಾಲ್ಕನೆಯದನ್ನು
ಮೊಳೆ ಕೀಳಲೆಂದು ಬೋರಲು ಹಾಕಿದೆ.
ಹಿಂದಿನ ರಟ್ಟು ಆ ಮಿಲ್ಲಿನದೇ,
ಬಟ್ಟೆ ಸುತ್ತುತ್ತಿದ್ದ ರಟ್ಟು, ಆಗ ತೂಕದ ಲೆಕ್ಕದಲ್ಲಿ ನಾನೇ ಕೊಂಡದ್ದು.
ಅದರ ಮೇಲೆ ಸೀಸದಕಡ್ಡಿ, ಒತ್ತಿ ಒತ್ತಿ,
ದೀರ್ಘ ಕೊಂಬು ತಪ್ಪಿ:

ಎಡದಿಂದ ಪಿಳ್ಳಮ್ಮ
ಸ್ಟೆಲ್ಲಾಮೇರಿ
ಖೈರುನ್ನಿಸಾ
ರಾಜಾಮಣಿ, ಕೆಮ್ಮು
ಕೂತವಳು ಅಂಜನಮ್ಮ, ಬಸುರಿ, ಗೇಟಿನಾಚೆ ಹಾಕಿದ್ದು ಇವಳನ್ನೇ ಮೊದಲು
ಮೂಲೆಯಲ್ಲಿ ಮುಖ ಸರಿಯಾಗಿ ಬೀಳದವಳು ನಾನು

ಮತ್ತೆ ಮಗುಚಿದೆ. ಲಂಡನ್ನಿನ ಹುಡುಗಿಯರು,
ಹೂವಿನ ಟೋಪಿ, ಸವೆದ ಶಾಲು,
ಒಬ್ಬಳದು ಸೊಂಟದ ಮೇಲೆ ಕೈ.
ಎಣಿಸಿದೆ. ತಲೆ ಹನ್ನೊಂದು, ಹೆಸರು ಆರು.
ಇನ್ನು ಐವರು ಯಾರೋ,
ಸಾಕಮ್ಮನ ಕಡ್ಡಿ ಮೊಂಡಾಯಿತೋ,
ಶಿಫ್ಟಿಗೆ ಹೊತ್ತಾಯಿತೋ.

ಹುಡುಗನಿಗೆ ಮೂರರ ದುಡ್ಡು ಕೊಟ್ಟೆ.
"ಇನ್ನೊಂದು?"
"ನಿಮ್ಮ ತಾತನ ಕಾಲದ ಬಾಕಿ ಇದೆಯಪ್ಪ" ಅಂದೆ.
ಜಿಪುಣ ಮುದುಕ ಅಂದುಕೊಂಡು ಹೋದ.

ಸಂಜೆ ಒಬ್ಬರು ಬಂದರು. ಗೃಹಪ್ರವೇಶಕ್ಕೆ ಲಕ್ಷ್ಮಿ,
ಅದೇ ಅಳತೆ, ಅದೇ ತೇಗವೇ ಆಗಬೇಕಂತೆ.
"ಇದು ಖಾಲಿಯಲ್ಲವಾ?"
ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ,
ದವಡೆ ತುಂಬ ಕಬ್ಬಿಣದ ರುಚಿ.
ತಲೆ ಮಾತ್ರ ಅಲ್ಲಾಡಿಸಿದೆ.